ಕೊನೆಯ ಎಕ್ಸಿಟ್‌ಗೆ ಮೂರು ವರ್ಷ ಮೊದಲು: ಒಮಾನಿನಿಂದ ಊರಿಗೆ ನಿವೃತ್ತರಾಗುವವರಿಗೆ ಕೆಲವು ಲೆಕ್ಕಗಳು

ಒಮಾನಿನಲ್ಲಿ ನಮ್ಮಂಥವರ ನಿವೃತ್ತಿಯ ದಿನವನ್ನು ನಿರ್ಧರಿಸುವುದು ರೆಸಿಡೆಂಟ್ ಕಾರ್ಡ್. ಊರಿನಲ್ಲಿ ಶಾಲೆಯ ಮೇಷ್ಟ್ರಿಗೋ ಬ್ಯಾಂಕಿನ ನೌಕರನಿಗೋ ನಿವೃತ್ತಿಯ ತಿಂಗಳು ಕೆಲಸಕ್ಕೆ ಸೇರಿದ ದಿನವೇ ಗೊತ್ತಿರುತ್ತದೆ. ನಮಗೆ ಆ ಅನುಕೂಲ ಇಲ್ಲ. ಕಂಪನಿಯ ಪ್ರಾಜೆಕ್ಟ್ ಮುಗಿಯಬಹುದು, ನಮ್ಮ ಹುದ್ದೆ ಒಮಾನೀಕರಣದ ಪಟ್ಟಿಗೆ ಸೇರಬಹುದು, ಮಾಲೀಕರು ಬದಲಾಗಬಹುದು. ಆಮೇಲೆ ಕೈಯಲ್ಲಿ ಉಳಿಯುವುದು ಸಾಮಾನ್ಯವಾಗಿ 30 ದಿನಗಳ ನೋಟಿಸು. ಇಪ್ಪತ್ತೈದು ವರ್ಷದ ಸಂಸಾರವನ್ನು ಮೂವತ್ತು ದಿನದಲ್ಲಿ ಮಡಚಿ ಕಟ್ಟಬೇಕು.

ನಾನು ಘಾಲಾದ ಒಂದು ಗುತ್ತಿಗೆ ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ 22 ವರ್ಷದಿಂದ ಇದ್ದೇನೆ. ಊರಿಗೆ ಹೊರಟವರ ಫೈನಲ್ ಸೆಟ್ಲ್‌ಮೆಂಟ್ ಹಾಳೆ ತಯಾರಿಸುವುದು ನನ್ನ ಕೆಲಸಗಳಲ್ಲಿ ಒಂದು. ಹೀಗೆ ಹೋದವರಲ್ಲಿ ಹಲವರು ನಮ್ಮ ಸಂಘದವರೇ. ಊರಿಗೆ ಹೋದಾಗ ಅವರನ್ನು ಕಂಡು ಮಾತನಾಡಿಸುವ ಅಭ್ಯಾಸ ನನಗಿದೆ. ಈಗ ನಮ್ಮದೇ ಸರದಿ. ನಮ್ಮ ಯಜಮಾನರಿಗೆ 59 ಆಯಿತು, ಮುಂದಿನ ಚಳಿಗಾಲಕ್ಕೆ ನಾವೂ ಹೊರಡುವವರು. ಆದ್ದರಿಂದ ಈ ಲೇಖನಕ್ಕಾಗಿ ಮಾಡಿದ ಓದು, ಲೆಕ್ಕ, ವಿಚಾರಣೆ ಎಲ್ಲ ಸ್ವಂತಕ್ಕೂ ಆಗಿ ಬಂದದ್ದು.

ಹಿಂದಿರುಗಿದವರ ಅನುಭವದಿಂದ ನನಗೆ ಒಂದು ವಿಷಯ ಸ್ಪಷ್ಟವಾಗಿದೆ. ಎಷ್ಟು ಹಣ ಕೂಡಿಟ್ಟರು ಎಂಬುದರಷ್ಟೇ ಯಾವುದನ್ನು ಯಾವಾಗ ಮಾಡಿದರು ಎಂಬುದೂ ಅವರ ನೆಮ್ಮದಿಯನ್ನು ತೀರ್ಮಾನಿಸಿದೆ. ಕೆಲವು ಕೆಲಸ ಮೂರು ವರ್ಷ ಮೊದಲು ಮಾಡಿದರೆ ಮಾತ್ರ ಪ್ರಯೋಜನ. ಕೆಲವನ್ನು ವೀಸಾ ರದ್ದಾಗುವ ಮೊದಲೇ ಮುಗಿಸಬೇಕು. ಇನ್ನು ಕೆಲವನ್ನು ಊರಿಗೆ ಹೋಗುವ ತನಕ ಮುಟ್ಟಲೇಬಾರದು.

ಇಲ್ಲೇ ಉಳಿಯಬಹುದೇ?

ಮೊದಲು ಈ ಪ್ರಶ್ನೆಯನ್ನು ಮುಗಿಸೋಣ, ಏಕೆಂದರೆ ಪ್ರತಿ ಪಾಟ್‌ಲಕ್ ಊಟದಲ್ಲಿ ಯಾರಾದರೊಬ್ಬರು ಇದನ್ನು ಎತ್ತುತ್ತಾರೆ. ಅರವತ್ತು ದಾಟಿದ ವಿದೇಶಿಯರ ಕೆಲಸದ ಪರವಾನಗಿ ನವೀಕರಿಸುವುದಿಲ್ಲ ಎಂಬ ನಿಯಮವನ್ನು 2022ರ ಜನವರಿಯಲ್ಲಿ ತೆಗೆದರು. ಹಾಗಾಗಿ ಕಂಪನಿಗೆ ಬೇಕಿದ್ದರೆ 63, 65ರ ತನಕವೂ ದುಡಿಯಬಹುದು. ಆದರೆ ಇದು ಕಂಪನಿಯ ಇಷ್ಟ, ನಮ್ಮ ಹಕ್ಕಲ್ಲ.

ಕೆಲಸವಿಲ್ಲದೆ ಉಳಿಯಲು 2021ರ ಅಕ್ಟೋಬರಿನಲ್ಲಿ ಹೂಡಿಕೆದಾರರ ದೀರ್ಘಾವಧಿ ವಾಸದ ಯೋಜನೆ ಬಂತು. ಆರಂಭದಲ್ಲಿ ಹತ್ತು ವರ್ಷದ ಪರವಾನಗಿಗೆ 5 ಲಕ್ಷ ರಿಯಾಲ್, ಐದು ವರ್ಷದ್ದಕ್ಕೆ 2.5 ಲಕ್ಷ ರಿಯಾಲ್ ಹೂಡಿಕೆ ಕೇಳಿದ್ದರು. ನಿವೃತ್ತರಿಗೆಂದೇ ಇದ್ದ ವಿಭಾಗದಲ್ಲಿ ತಿಂಗಳಿಗೆ 4,000 ರಿಯಾಲ್ ಖಚಿತ ಆದಾಯ ತೋರಿಸಬೇಕಿತ್ತು. ಆಮೇಲೆ ಮೊತ್ತಗಳು ಇಳಿದಿವೆ, ಮುಂದೆಯೂ ಬದಲಾಗುತ್ತವೆ. ಆದರೆ ಎಷ್ಟೇ ಇಳಿದರೂ ಇದು ರೂವಿಯ ಬಾಡಿಗೆ ಫ್ಲ್ಯಾಟಿನಲ್ಲಿ ಸಂಸಾರ ನಡೆಸಿದವರ ಅಳತೆಯ ಯೋಜನೆಯಲ್ಲ. ವಿದೇಶಿಯರು ಪೂರ್ಣ ಒಡೆತನದಲ್ಲಿ ಮನೆ ಕೊಳ್ಳಲು ಅವಕಾಶವಿರುವ ಅಲ್ ಮೌಜ್, ಮಸ್ಕತ್ ಹಿಲ್ಸ್, ಜಬಲ್ ಸಿಫಾದಂಥ ಪ್ರವಾಸೋದ್ಯಮ ಬಡಾವಣೆಗಳ ಬೆಲೆಯೂ ಅದೇ ಮಟ್ಟದ್ದು. ಒಮಾನಿ ಪೌರತ್ವದ ಮಾತಂತೂ ಬೇಡ. 2025ರ ಕಾನೂನು 15 ವರ್ಷಗಳ ಸತತ ವಾಸವನ್ನು ಕೇಳುತ್ತದೆ, ಮೊದಲಿನ ಪೌರತ್ವ ಬಿಡಬೇಕು ಎನ್ನುತ್ತದೆ, ಕೊಡುವುದು ತೀರಾ ವಿರಳ. ಕಛ್‌ನಿಂದ ಬಂದ ಕೆಲವು ವ್ಯಾಪಾರಿ ಮನೆತನಗಳು ತಲೆಮಾರುಗಳ ಹಿಂದೆಯೇ ಇಲ್ಲಿ ಬೇರೂರಿದವು. ಸಂಬಳಕ್ಕೆ ಬಂದ ನಮ್ಮ ಕಥೆ ಅದಲ್ಲ.

ವೀಸಾ ಇಟ್ಟುಕೊಂಡು ಊರಿನಲ್ಲಿ ಕೂರುತ್ತೇನೆ ಎನ್ನುವವರು ನೆನಪಿಡಬೇಕಾದ್ದು, 180 ದಿನಕ್ಕಿಂತ ಹೆಚ್ಚು ಹೊರಗಿದ್ದರೆ ಇಲ್ಲಿನ ವಾಸದ ಪರವಾನಗಿ ಬಿದ್ದುಹೋಗುತ್ತದೆ. ಮಕ್ಕಳು ಕೆನಡಾದಲ್ಲೋ ಅಮೆರಿಕದಲ್ಲೋ ಇದ್ದರೆ ಅಲ್ಲಿಗೆ ಹೋಗುವ ಯೋಚನೆ ಕೆಲವರದು. ಕೆನಡಾದ ಸೂಪರ್ ವೀಸಾದಲ್ಲಿ ಒಮ್ಮೆಗೆ ಐದು ವರ್ಷದ ತನಕ ಇರಬಹುದು, ಆದರೆ ಆರೋಗ್ಯ ವಿಮೆ ಸ್ವಂತ ಖರ್ಚು. ವರ್ಷಕ್ಕೆ ನಾಲ್ಕು ತಿಂಗಳು ಹೋಗಿ ಬರುವುದು ಬೇರೆ, ಅಲ್ಲೇ ನೆಲೆಸುವುದು ಬೇರೆ. ನಮ್ಮಲ್ಲಿ ಹೆಚ್ಚಿನವರಿಗೆ ಕೊನೆಗೆ ಉಳಿಯುವ ದಾರಿ ಮಂಗಳೂರು, ಉಡುಪಿ, ಕಾಸರಗೋಡು, ಬೆಂಗಳೂರು, ಬೆಳಗಾವಿ.

ಕೈಗೆ ಬರುವ ಹಣ

ಗ್ರಾಚ್ಯುಟಿ ಲೆಕ್ಕ ಮೂಲ ವೇತನದ ಮೇಲೆ ಮಾತ್ರ. ಇದು ಎಲ್ಲರಿಗೂ ಗೊತ್ತಿದೆ, ಆದರೂ ಕೊನೆಯ ಹಾಳೆ ನೋಡಿದಾಗ ಎಲ್ಲರ ಮುಖವೂ ಬಾಡುತ್ತದೆ. ಒಟ್ಟು ಸಂಬಳ 1,000 ರಿಯಾಲ್, ಅದರಲ್ಲಿ ಮೂಲ ವೇತನ 500 ಇರುವ ಒಬ್ಬರನ್ನು ತೆಗೆದುಕೊಳ್ಳಿ. 2003ರ ಕಾರ್ಮಿಕ ಕಾನೂನಿನ ಪ್ರಕಾರ ಮೊದಲ ಮೂರು ವರ್ಷಕ್ಕೆ ವರ್ಷಕ್ಕೆ 15 ದಿನದ, ಆಮೇಲಿನ ಪ್ರತಿ ವರ್ಷಕ್ಕೆ ಒಂದು ತಿಂಗಳ ಮೂಲ ವೇತನ. ಇಪ್ಪತ್ತು ವರ್ಷಕ್ಕೆ 750 ಮತ್ತು 8,500 ಸೇರಿ 9,250 ರಿಯಾಲ್. ರಿಯಾಲಿಗೆ 225 ರೂಪಾಯಿಯಂತೆ ಹಿಡಿದರೆ 21 ಲಕ್ಷದ ಹತ್ತಿರ. ಮಂಗಳೂರಿನಲ್ಲಿ ಎರಡು ಬೆಡ್‌ರೂಮಿನ ಹೊಸ ಫ್ಲ್ಯಾಟಿಗೂ ಇದು ಸಾಲದು. 2023ರ ಹೊಸ ಕಾನೂನು ಪ್ರತಿ ವರ್ಷಕ್ಕೂ ಒಂದು ತಿಂಗಳ ಮೂಲ ವೇತನ ಎಂದು ಸರಳಗೊಳಿಸಿದೆ. ಅದೇ ವರ್ಷದ ಸಾಮಾಜಿಕ ಭದ್ರತಾ ಕಾನೂನು ಗ್ರಾಚ್ಯುಟಿಯ ಬದಲು ಮಾಲೀಕರು ತಿಂಗಳು ತಿಂಗಳು ಮೂಲ ವೇತನದ ಶೇ. 9ರಷ್ಟು ಕಟ್ಟುವ ಉಳಿತಾಯ ನಿಧಿಗೂ ದಾರಿ ಮಾಡಿದೆ. ಇದು ಕಿರಿಯರಿಗೆ ಒಳ್ಳೆಯದು, ಮಾಲೀಕರು ಮುಳುಗಿದರೂ ಹಣ ಉಳಿಯುತ್ತದೆ. ನಮ್ಮಂತೆ ಹೊರಡಲು ನಿಂತವರಿಗೆ ಹಳೆಯ ಲೆಕ್ಕವೇ ಮುಖ್ಯ. ನಿಮ್ಮ ಒಪ್ಪಂದ ಪತ್ರದಲ್ಲಿ ಮೂಲ ವೇತನ ಎಷ್ಟೆಂದು ಬರೆದಿದೆ, ಕೆಲಸಕ್ಕೆ ಸೇರಿದ ದಿನಾಂಕ ಯಾವುದು, ಬಾಕಿ ರಜೆ ಎಷ್ಟು, ಇವನ್ನು ಈಗಲೇ ಎಚ್‌ಆರ್‌ನಿಂದ ಬರಹದಲ್ಲಿ ಪಡೆದಿಟ್ಟುಕೊಳ್ಳಿ. ಕಂಪನಿ ಒಂದು ಕೈಯಿಂದ ಇನ್ನೊಂದು ಕೈಗೆ ಹೋಗಿದ್ದರೆ ಹಳೆಯ ವರ್ಷಗಳು ಸೇರಿವೆಯೋ ಇಲ್ಲವೋ ಎಂದು ಖಂಡಿತ ನೋಡಿ.

ಇನ್ನೊಂದು ಮಾತು. ಒಮಾನಿ ರಿಯಾಲ್ 1986ರಿಂದ ಡಾಲರಿಗೆ ಒಂದೇ ದರದಲ್ಲಿ ಕಟ್ಟಿಕೊಂಡಿದೆ, ಒಂದು ರಿಯಾಲಿಗೆ ಸುಮಾರು 2.60 ಡಾಲರ್. 2000ದ ಸುಮಾರಿಗೆ ಒಂದು ರಿಯಾಲಿಗೆ 115ರಿಂದ 120 ರೂಪಾಯಿ ಸಿಗುತ್ತಿತ್ತು, 2025ರಲ್ಲಿ 220 ದಾಟಿತು. ಅಂದರೆ ಸಂಬಳ ಏರದ ವರ್ಷಗಳಲ್ಲೂ ರೂಪಾಯಿ ಇಳಿದ ಕಾರಣ ಊರಿಗೆ ಹೋಗುವ ಮೊತ್ತ ಬೆಳೆಯುತ್ತಿತ್ತು. ನಮಗೆ ಅರಿವಿಲ್ಲದೆಯೇ ಇದು ಒಂದು ಬಗೆಯ ವಾರ್ಷಿಕ ಬಡ್ತಿಯಾಗಿತ್ತು. ಊರಿಗೆ ಹೋದ ದಿನ ಈ ಬಡ್ತಿ ನಿಲ್ಲುತ್ತದೆ, ಬೆಲೆಯೇರಿಕೆ ಮಾತ್ರ ನಿಲ್ಲುವುದಿಲ್ಲ. ಈಗಿನ ಮನೆಖರ್ಚನ್ನು ರೂಪಾಯಿಯಲ್ಲಿ ಗುಣಿಸಿ "ತಿಂಗಳಿಗೆ ಐವತ್ತು ಸಾವಿರ ಸಾಕು" ಎನ್ನುವವರು ಅದೇ ಐವತ್ತು ಸಾವಿರದ ಜೀವನಕ್ಕೆ ವರ್ಷಕ್ಕೆ ಶೇ. 6ರಂತೆ ಹನ್ನೆರಡು ವರ್ಷದಲ್ಲಿ ಒಂದು ಲಕ್ಷ ಬೇಕಾಗುತ್ತದೆ ಎಂಬುದನ್ನೂ ಬರೆದುಕೊಳ್ಳಬೇಕು.

ಆರೋಗ್ಯ ವಿಮೆ: ಮೂರು ವರ್ಷದ ಮಾತು ಇಲ್ಲಿಂದ ಬಂದದ್ದು

ಕಂಪನಿ ಕೊಡುವ ವಿಮೆ ಕೆಲಸದ ಜೊತೆಗೇ ಮುಗಿಯುತ್ತದೆ. ಭಾರತದಲ್ಲಿ ಹೊಸದಾಗಿ ಪಾಲಿಸಿ ಮಾಡಿಸಿದರೆ ಮೊದಲೇ ಇರುವ ಕಾಯಿಲೆಗಳಿಗೆ ಕಾಯುವ ಅವಧಿ ಇರುತ್ತದೆ. 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಈ ಅವಧಿಯ ಗರಿಷ್ಠ ಮಿತಿಯನ್ನು ನಾಲ್ಕು ವರ್ಷದಿಂದ ಮೂರಕ್ಕೆ ಇಳಿಸಿತು. ಕಣ್ಣಿನ ಪೊರೆ, ಹರ್ನಿಯಾ, ಮಂಡಿ ಬದಲಾವಣೆಯಂಥವಕ್ಕೂ ಹಲವು ಪಾಲಿಸಿಗಳಲ್ಲಿ ಎರಡು-ಮೂರು ವರ್ಷದ ಕಾಯುವಿಕೆ ಇದೆ. ಗಲ್ಫಿನಲ್ಲಿ ಐವತ್ತು ದಾಟಿದವರಲ್ಲಿ ಸಕ್ಕರೆ, ಬಿಪಿ, ಕೊಲೆಸ್ಟರಾಲ್ ಮೂರರಲ್ಲಿ ಒಂದೂ ಇಲ್ಲದವರು ನಮ್ಮ ಗೆಳೆಯರ ಬಳಗದಲ್ಲಿ ಎಷ್ಟು ಮಂದಿ ಎಂದು ನೀವೇ ಎಣಿಸಿ ನೋಡಿ.

ನಮ್ಮ ಕಂಪನಿಯಿಂದ ಹೋದ ಒಬ್ಬ ಹಿರಿಯರು ಊರಿಗೆ ತಲುಪಿದ ಮೇಲೆಯೇ ಪಾಲಿಸಿ ತೆಗೆದುಕೊಂಡರು. ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ ಇತ್ತು. ಐದನೆಯ ತಿಂಗಳು ಎದೆನೋವು, ಆಮೇಲೆ ಬೈಪಾಸ್. ಪಾಲಿಸಿಯ ಷರತ್ತಿನಂತೆ ವಿಮೆ ಸಿಗಲಿಲ್ಲ. ಅವರ ಗ್ರಾಚ್ಯುಟಿ ಹಾಳೆ ಮಾಡಿದವಳು ನಾನೇ, ಆಸ್ಪತ್ರೆಯ ಬಿಲ್ಲನ್ನು ಅವರ ಹೆಂಡತಿ ನನಗೆ ತೋರಿಸಿದರು. ಎರಡು ಮೊತ್ತಗಳ ನಡುವೆ ಹೆಚ್ಚು ಅಂತರ ಇರಲಿಲ್ಲ.

ಅನಿವಾಸಿಯಾಗಿದ್ದಾಗಲೇ ಭಾರತದ ಆರೋಗ್ಯ ಪಾಲಿಸಿ ಕೊಳ್ಳಬಹುದು. ರಜೆಯಲ್ಲಿ ಊರಿಗೆ ಹೋದಾಗ ವೈದ್ಯಕೀಯ ತಪಾಸಣೆ ಮುಗಿಸಿ, ಇರುವ ಕಾಯಿಲೆಗಳನ್ನೆಲ್ಲ ಒಂದೂ ಬಿಡದೆ ಬರೆದುಕೊಟ್ಟು ಶುರು ಮಾಡಿದರೆ, ಇಲ್ಲಿ ದುಡಿಯುತ್ತಿರುವಾಗಲೇ ಕಾಯುವ ಅವಧಿ ಕಳೆದುಹೋಗುತ್ತದೆ. ಕಾಯಿಲೆ ಮುಚ್ಚಿಡುವುದು ಬೇಡ. ಏಜೆಂಟರು "ಬರೆಯಬೇಡಿ, ಪ್ರೀಮಿಯಂ ಜಾಸ್ತಿ ಆಗುತ್ತದೆ" ಎಂದರೂ ಬೇಡ. ಸತತ ಐದು ವರ್ಷ ಪ್ರೀಮಿಯಂ ಕಟ್ಟಿದ ಮೇಲೆ, ವಂಚನೆಯ ಹೊರತು ಬೇರೆ ಕಾರಣಕ್ಕೆ ಕ್ಲೇಮು ತಳ್ಳಿಹಾಕುವಂತಿಲ್ಲ ಎಂಬ ರಕ್ಷಣೆ ಇದೆ, ಮುಚ್ಚಿಟ್ಟವರಿಗೆ ಆ ರಕ್ಷಣೆಯೂ ಅನುಮಾನ. 65 ದಾಟಿದವರಿಗೂ ಈಗ ಹೊಸ ಪಾಲಿಸಿಗೆ ಬಾಗಿಲು ತೆರೆದಿದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಗೆ ಜಿಎಸ್‌ಟಿ ಇಲ್ಲ. ನಾವು ಎರಡು ವರ್ಷ ಹಿಂದೆ ಶುರು ಮಾಡಿದೆವು. ಆ ಪ್ರೀಮಿಯಂ ಕಟ್ಟುವಾಗ ಯಜಮಾನರು ಪ್ರತಿ ವರ್ಷ ಗೊಣಗುತ್ತಾರೆ, ನಾನು ಕಟ್ಟುತ್ತೇನೆ.

ಹೊರಡುವ ಮೊದಲು ಇಲ್ಲಿನ ವೈದ್ಯರಿಂದ ಕಾಯಿಲೆಯ ಸಾರಾಂಶ ಪತ್ರ, ಹಳೆಯ ವರದಿಗಳು, ಸ್ಕ್ಯಾನಿನ ಸಿಡಿ ಕೇಳಿ ಪಡೆಯಿರಿ. ಮಾತ್ರೆಗಳ ಬ್ರ್ಯಾಂಡ್ ಹೆಸರು ಊರಿನಲ್ಲಿ ಬೇರೆ, ಒಳಗಿನ ಮದ್ದಿನ ಹೆಸರು ಬರೆಸಿಕೊಳ್ಳಿ.

ಬ್ಯಾಂಕು ಮತ್ತು ತೆರಿಗೆ

ಇಲ್ಲಿ ಎರಡು ಕಾನೂನುಗಳು ಬೇರೆಬೇರೆ ಗಡಿಯಾರ ಇಟ್ಟುಕೊಂಡಿವೆ. ವಿದೇಶಿ ವಿನಿಮಯ ಕಾನೂನಾದ ಫೆಮಾ ಪ್ರಕಾರ, ಇನ್ನು ಊರಿನಲ್ಲೇ ಇರುತ್ತೇನೆ ಎಂದು ಬಂದಿಳಿದ ದಿನದಿಂದ ನೀವು ನಿವಾಸಿ. ಆದಾಯ ತೆರಿಗೆಯ ಕಾನೂನು ಏಪ್ರಿಲ್‌ನಿಂದ ಮಾರ್ಚ್ ತನಕ ಎಷ್ಟು ದಿನ ಭಾರತದಲ್ಲಿದ್ದಿರಿ ಎಂದು ಎಣಿಸುತ್ತದೆ. ಗೊಂದಲ ಹುಟ್ಟುವುದೇ ಇಲ್ಲಿ.

ಫೆಮಾ ಪ್ರಕಾರ ಎನ್‌ಆರ್‌ಇ ಖಾತೆಯನ್ನು ಬಂದ ಕೂಡಲೇ ಸಾಮಾನ್ಯ ನಿವಾಸಿ ಖಾತೆಯಾಗಿಯೋ ಆರ್‌ಎಫ್‌ಸಿ ಎಂಬ ವಿದೇಶಿ ಕರೆನ್ಸಿ ಖಾತೆಯಾಗಿಯೋ ಬದಲಾಯಿಸಬೇಕು. ಎನ್‌ಆರ್‌ಓ ಖಾತೆಯೂ ನಿವಾಸಿ ಖಾತೆಯಾಗುತ್ತದೆ. ಎಫ್‌ಸಿಎನ್‌ಆರ್ ಠೇವಣಿಗಳನ್ನು ಮಾತ್ರ ಅವಧಿ ಮುಗಿಯುವ ತನಕ ಒಪ್ಪಿದ ಬಡ್ಡಿಯಲ್ಲೇ ಮುಂದುವರಿಸಬಹುದು. ಎನ್‌ಆರ್‌ಇ ಬಡ್ಡಿಗೆ ಇದ್ದ ತೆರಿಗೆ ವಿನಾಯಿತಿ ನೀವು ಫೆಮಾ ಲೆಕ್ಕದಲ್ಲಿ ನಿವಾಸಿಯಾದ ದಿನಕ್ಕೆ ಮುಗಿಯಿತು. ಬ್ಯಾಂಕಿಗೆ ಹೇಳದೆ ವರ್ಷಗಟ್ಟಲೆ ಎನ್‌ಆರ್‌ಇ ಆಗಿಯೇ ಇಟ್ಟುಕೊಂಡು, ಬಡ್ಡಿಗೆ ತೆರಿಗೆಯಿಲ್ಲ ಎಂದು ನಂಬಿದವರು ನನಗೆ ಗೊತ್ತು. ಬ್ಯಾಂಕಿನವರು ತೆರಿಗೆ ಕಡಿಯಲಿಲ್ಲ ಎಂಬುದು ತೆರಿಗೆ ಇಲ್ಲ ಎಂಬುದಕ್ಕೆ ಸಾಕ್ಷಿಯಲ್ಲ.

ಹೊರಡುವ ಮೊದಲಿನ ವರ್ಷ ಉಳಿತಾಯದ ಒಂದು ಭಾಗವನ್ನು ಎಫ್‌ಸಿಎನ್‌ಆರ್ ಡಾಲರ್ ಠೇವಣಿಯಲ್ಲಿ ಇಡುವುದು, ಆಮೇಲೆ ಅದನ್ನು ಆರ್‌ಎಫ್‌ಸಿಗೆ ಹಾಕುವುದು ಒಳ್ಳೆಯ ದಾರಿ ಎಂದು ನನ್ನ ಅಭಿಪ್ರಾಯ. ಮಗನೋ ಮಗಳೋ ಹೊರದೇಶದಲ್ಲಿ ಓದುತ್ತಿದ್ದರೆ ಆರ್‌ಎಫ್‌ಸಿಯಿಂದ ಫೀಸು ಕಟ್ಟಲು ವಾರ್ಷಿಕ ಮಿತಿಯ ತೊಡಕಿಲ್ಲ. ಎಲ್ಲವನ್ನೂ ಒಂದೇ ದಿನ ರೂಪಾಯಿ ಮಾಡುವ ಅಗತ್ಯವೂ ಇಲ್ಲ.

ಈಗ ತೆರಿಗೆಯ ಗಡಿಯಾರ. ವರ್ಷಕ್ಕೆ ಒಂದು ತಿಂಗಳು ರಜೆಗೆ ಹೋಗಿಬರುತ್ತಿದ್ದವರಿಗೆ, ಊರಿಗೆ ಬಂದ ವರ್ಷದಲ್ಲಿ 182 ದಿನ ತುಂಬದಿದ್ದರೆ ಆ ವರ್ಷಕ್ಕೆ ಅನಿವಾಸಿಯೇ. ರಜೆಯಲ್ಲಿ ಕಳೆದ ದಿನಗಳೂ ಇದರಲ್ಲಿ ಸೇರುತ್ತವೆ. ಆಮೇಲೆ ಬರುವುದು "ನಿವಾಸಿ, ಆದರೆ ಸಾಮಾನ್ಯ ನಿವಾಸಿಯಲ್ಲ" ಎಂಬ ಮಧ್ಯದ ಸ್ಥಿತಿ, ಆಡಿಟರುಗಳು ಆರ್‌ಎನ್‌ಓಆರ್ ಎನ್ನುತ್ತಾರೆ. ಹಿಂದಿನ ಹತ್ತು ವರ್ಷಗಳಲ್ಲಿ ಒಂಬತ್ತು ವರ್ಷ ಅನಿವಾಸಿಯಾಗಿದ್ದವರಿಗೆ, ಅಥವಾ ಹಿಂದಿನ ಏಳು ವರ್ಷಗಳಲ್ಲಿ ಒಟ್ಟು 729 ದಿನಕ್ಕಿಂತ ಹೆಚ್ಚು ಭಾರತದಲ್ಲಿ ಇಲ್ಲದವರಿಗೆ ಇದು ಸಿಗುತ್ತದೆ. ನಮ್ಮಂಥ ಹಳಬರಿಗೆ ಸಾಮಾನ್ಯವಾಗಿ ಎರಡು ವರ್ಷ, ಬಂದ ತಿಂಗಳನ್ನು ಅವಲಂಬಿಸಿ ಕೆಲವರಿಗೆ ಮೂರು. ಈ ಅವಧಿಯಲ್ಲಿ ಒಮಾನಿನ ಬ್ಯಾಂಕ್ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ, ಎಫ್‌ಸಿಎನ್‌ಆರ್ ಮತ್ತು ಆರ್‌ಎಫ್‌ಸಿ ಬಡ್ಡಿಗೂ ವಿನಾಯಿತಿ ಇದೆ. ನಾವು ಚಳಿಗಾಲಕ್ಕೆ ಹೊರಡುವುದೆಂದು ನಿಶ್ಚಯಿಸಿದ್ದರ ಹಿಂದೆ ಮಾವಿನ ಮಿಡಿಯ ಕಾಲಕ್ಕೆ ಊರಲ್ಲಿರಬೇಕೆಂಬ ಆಸೆ ಅರ್ಧ, ಈ ಲೆಕ್ಕ ಅರ್ಧ. ಭಾರತದಲ್ಲೇ ವರ್ಷಕ್ಕೆ 15 ಲಕ್ಷಕ್ಕಿಂತ ಹೆಚ್ಚು ಆದಾಯ ಇರುವವರಿಗೆ ನಿಯಮ ಬೇರೆ. ಅವರು ಈಗಲೇ ಆಡಿಟರನ್ನು ಕಾಣಲಿ.

ಫೈನಲ್ ಸೆಟ್ಲ್‌ಮೆಂಟ್ ಹಣವನ್ನು ನೇರವಾಗಿ ಭಾರತದ ಖಾತೆಗೆ ಹಾಕಿ ಎಂದು ಕೆಲವರು ನಮ್ಮ ಕಚೇರಿಯಲ್ಲಿ ಕೇಳುತ್ತಾರೆ. ಹಾಗೆ ಮಾಡಬೇಡಿ. ಭಾರತದಲ್ಲಿ ಮೊದಲು ಕೈಸೇರಿದ ಆದಾಯಕ್ಕೆ ಅನಿವಾಸಿಯೂ ತೆರಿಗೆ ಕೊಡಬೇಕಾಗಬಹುದು. ಮೊದಲು ಒಮಾನಿನ ಖಾತೆಗೆ ಬರಲಿ, ಆಮೇಲೆ ನೀವು ಕಳಿಸಿ.

ಹೊರದೇಶದಲ್ಲಿ ಅನಿವಾಸಿಯಾಗಿದ್ದಾಗ ಗಳಿಸಿದ ಆಸ್ತಿ, ಖಾತೆಗಳನ್ನು ಹಾಗೆಯೇ ಇಟ್ಟುಕೊಳ್ಳಲು ಫೆಮಾ ಬಿಡುತ್ತದೆ. ಆದರೆ ಸಾಮಾನ್ಯ ನಿವಾಸಿಯಾದ ಮೇಲೆ ಅವನ್ನು ಆದಾಯ ತೆರಿಗೆ ರಿಟರ್ನಿನಲ್ಲಿ ತೋರಿಸಲೇಬೇಕು. 2015ರ ಕಪ್ಪುಹಣದ ಕಾನೂನಿನಲ್ಲಿ ತೋರಿಸದಿದ್ದಕ್ಕೆ 10 ಲಕ್ಷ ರೂಪಾಯಿ ದಂಡದ ಅವಕಾಶ ಇದೆ. ಸಣ್ಣ ಮೊತ್ತಕ್ಕೆ ರಿಯಾಯಿತಿ ಇದ್ದರೂ, ಮರೆತ ಹಳೆಯ ಖಾತೆಗಳನ್ನು ಮುಚ್ಚಿಯೇ ಹೊರಡುವುದು ಕ್ಷೇಮ.

ಊರಿಗೆ ಹೋಗಿಯೇ ಮಾಡಬೇಕಾದ ಕೆಲಸಗಳಲ್ಲಿ ಹಿರಿಯ ನಾಗರಿಕರ ಉಳಿತಾಯ ಯೋಜನೆ ಒಂದು. ಅರವತ್ತು ತುಂಬಿದವರು ತಲಾ 30 ಲಕ್ಷದ ತನಕ ಇಡಬಹುದು, ಅನಿವಾಸಿಗಳಿಗೆ ಇಲ್ಲ. ನಿವೇಶನ ಮಾರುವುದು ಇನ್ನೊಂದು. ಅನಿವಾಸಿ ಮಾರಿದರೆ ಕೊಳ್ಳುವವನು ದೊಡ್ಡ ಪ್ರಮಾಣದಲ್ಲಿ ಮೂಲದಲ್ಲೇ ತೆರಿಗೆ ಕಡಿಯಬೇಕು, ಆ ಹಣ ವಾಪಸು ಬರಲು ರಿಟರ್ನ್ ಹಾಕಿ ಕಾಯಬೇಕು. ನಿವಾಸಿ ಮಾರಿದರೆ, ಅದೂ 50 ಲಕ್ಷ ಮುಟ್ಟಿದ ವ್ಯವಹಾರಕ್ಕೆ, ಶೇ. 1 ಮಾತ್ರ. ಅವಸರ ಇಲ್ಲದಿದ್ದರೆ ಕಾಯಬಹುದು.

ಮನೆ, ತೋಟ, ನೆಂಟರು

ಹಳ್ಳಿಯ ಮನೆಯೋ ಪಟ್ಟಣದ ಫ್ಲ್ಯಾಟೋ ಎಂಬ ಚರ್ಚೆಯಲ್ಲಿ ನಾನು ಫ್ಲ್ಯಾಟಿನ ಪರ. ಕಾರ್ಕಳದ ಹತ್ತಿರ ನಮ್ಮ ಮಾವ ಕಟ್ಟಿಸಿದ ಹಂಚಿನ ಮನೆ ಇದೆ. ಯಜಮಾನರಿಗೆ ಅಲ್ಲೇ ಇರಬೇಕು ಎಂಬ ಆಸೆ. ಮಣಿಪಾಲದ ಆಸ್ಪತ್ರೆಗೆ ರಾತ್ರಿ ಹೊತ್ತು ಎಷ್ಟು ಹೊತ್ತಿಗೆ ತಲುಪಬಹುದು, ಮಳೆಗಾಲದಲ್ಲಿ ಕರೆಂಟು ಹೋದರೆ ಪಂಪು ಯಾರು ನೋಡುತ್ತಾರೆ, ಇಬ್ಬರಲ್ಲಿ ಒಬ್ಬರೇ ಉಳಿದಾಗ ಏನು ಎಂಬುದು ನನ್ನ ಪ್ರಶ್ನೆ. ಒಂದು ವರ್ಷ ಉಡುಪಿಯಲ್ಲಿ ಬಾಡಿಗೆಗಿದ್ದು ಆಮೇಲೆ ತೀರ್ಮಾನಿಸುವುದೆಂದು ಒಪ್ಪಂದವಾಗಿದೆ. ಗಲ್ಫಿನಲ್ಲಿ ಕೂತು ವಾಟ್ಸ್ಯಾಪ್ ಚಿತ್ರ ನೋಡಿ ದೊಡ್ಡ ಮನೆ ಕಟ್ಟಿಸಿದವರಲ್ಲಿ ಹಲವರು ಈಗ ಮೇಲಿನ ಮಹಡಿಗೆ ಹತ್ತುವುದೇ ಇಲ್ಲ.

ಕೃಷಿ ಭೂಮಿ ಕೊಳ್ಳುವ ಆಸೆ ಇರುವವರು ಕಾಯಲೇಬೇಕು. ಅನಿವಾಸಿ ಕೃಷಿ ಭೂಮಿಯನ್ನು, ತೋಟವನ್ನು, ಫಾರ್ಮ್ ಹೌಸನ್ನು ಕೊಳ್ಳುವಂತಿಲ್ಲ, ಪಿತ್ರಾರ್ಜಿತವಾಗಿ ಬಂದರೆ ಸರಿ. ನಿವಾಸಿಯಾದ ಮೇಲೆ ಫೆಮಾದ ತಡೆ ಇಲ್ಲ, 2020ರ ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ಕೃಷಿಕರಲ್ಲದವರೂ ಕೊಳ್ಳಬಹುದು. ತಮ್ಮನ ಹೆಸರಿನಲ್ಲಿ ಈಗಲೇ ಕೊಂಡಿಡುತ್ತೇನೆ ಎಂಬ ಉಪಾಯ ಎಷ್ಟು ಮನೆಗಳಲ್ಲಿ ಮಾತು ಬಿಡಿಸಿದೆ ಎಂದು ಹೇಳಬೇಕಾಗಿಲ್ಲ. ಇರುವ ಆಸ್ತಿಯ ಪಹಣಿ, ಖಾತೆ, ಋಣಭಾರ ಪತ್ರ ಇವನ್ನು ಪ್ರತಿ ರಜೆಯಲ್ಲೂ ತೆಗೆದು ನೋಡಿ. ಬೆಂಗಳೂರಿನಲ್ಲಿ ಸೈಟೋ ಫ್ಲ್ಯಾಟೋ ಇರುವವರು ಇ-ಖಾತೆ ಮಾಡಿಸಿಕೊಳ್ಳಿ, ಅದಿಲ್ಲದೆ ಈಗ ನೋಂದಣಿ ಆಗುವುದಿಲ್ಲ.

ಮಂಜೇಶ್ವರ, ಕುಂಬಳೆ, ಕಾಸರಗೋಡಿನ ನಮ್ಮ ಕನ್ನಡಿಗರಿಗೆ ಒಂದು ವಿಶೇಷ ಮಾತು. ನೀವು ಕೇರಳದ ನಿವಾಸಿಗಳಾದ್ದರಿಂದ ಕೇರಳದ ಪ್ರವಾಸಿ ಕಲ್ಯಾಣ ಮಂಡಳಿಯ ಸದಸ್ಯತ್ವಕ್ಕೆ ಅರ್ಹರು. 18ರಿಂದ 60 ವರ್ಷದೊಳಗೆ ಸೇರಿ, ಕನಿಷ್ಠ ಐದು ವರ್ಷ ಚಂದಾ ಕಟ್ಟಿದರೆ 60ರ ನಂತರ ತಿಂಗಳ ಪಿಂಚಣಿ ಸಿಗುತ್ತದೆ. 55ಕ್ಕೆ ಮೊದಲು ಸೇರಿದರೆ ಲೆಕ್ಕ ಸರಿಹೋಗುತ್ತದೆ. ಪಕ್ಕದ ಮಲಯಾಳಿ ಸಹೋದ್ಯೋಗಿಗಳು ಸೇರಿದ್ದಾರೆ, ನಮ್ಮವರಲ್ಲಿ ಅನೇಕರು ಹೆಸರನ್ನೂ ಕೇಳಿಲ್ಲ. ಕರ್ನಾಟಕದವರಿಗೆ ಅನಿವಾಸಿ ಭಾರತೀಯ ಸಮಿತಿ ಇದೆ, ಇಂಥ ಪಿಂಚಣಿ ಇಲ್ಲ.

ಇನ್ನು ನೆಂಟರಿಷ್ಟರು. ಗಲ್ಫಿನಿಂದ ಬಂದವರೆಂದರೆ ಕೈ ತುಂಬ ದುಡ್ಡು ಎಂಬ ನಂಬಿಕೆ ನಿವೃತ್ತಿಯಾದ ಮೇಲೂ ಕರಗುವುದಿಲ್ಲ. ದೇವಸ್ಥಾನದ ಬ್ರಹ್ಮಕಲಶ, ದೈವಸ್ಥಾನದ ಜೀರ್ಣೋದ್ಧಾರ, ಯಕ್ಷಗಾನದ ಸೇವೆಯಾಟ, ಎಲ್ಲ ಪಟ್ಟಿಯಲ್ಲೂ ನಮ್ಮ ಹೆಸರಿನ ಮುಂದೆ ಹಳೆಯ ಮೊತ್ತವೇ ಇರುತ್ತದೆ. ವಂತಿಗೆಗೆ ವರ್ಷಕ್ಕಿಷ್ಟು ಎಂದು ಮೊದಲೇ ತೆಗೆದಿಟ್ಟು, ಅದು ಮುಗಿದರೆ ಮುಂದಿನ ವರ್ಷ ಎನ್ನಲು ಕಲಿತವರು ಸುಖವಾಗಿದ್ದಾರೆ. ಸಾಲ ಕೇಳುವವರಿಗೆ "ಎಲ್ಲ ಠೇವಣಿಯಲ್ಲಿದೆ" ಎನ್ನುವುದು ಸುಳ್ಳೂ ಅಲ್ಲ.

ಇಲ್ಲಿನ ಬಾಗಿಲು ಹಾಕುವ ಕ್ರಮ

ಸಾಲದಿಂದ ಶುರು ಮಾಡಿ. ಬ್ಯಾಂಕಿನ ಸಾಲ, ಕ್ರೆಡಿಟ್ ಕಾರ್ಡ್ ತೀರಿಸಿ ಬಾಕಿಯಿಲ್ಲ ಎಂಬ ಪತ್ರ ಪಡೆಯಿರಿ. ಯಾರದಾದರೂ ಸಾಲಕ್ಕೆ ಜಾಮೀನು ಹಾಕಿದ್ದರೆ ಅದರಿಂದಲೂ ಹೊರಬನ್ನಿ. ಬಾಕಿ ಕೋರ್ಟಿಗೆ ಹೋದರೆ ಪ್ರಯಾಣ ನಿಷೇಧದ ತನಕ ಹೋಗಬಹುದು, ಅದು ಗೊತ್ತಾಗುವುದು ವಿಮಾನ ನಿಲ್ದಾಣದಲ್ಲಿ. ಕಾರನ್ನು ಮಾರಿ ಮುಲ್ಕಿಯಾ ಹೆಸರು ಬದಲಾವಣೆ ಆಗುವ ತನಕ ಕೀಲಿ ಕೊಡಬೇಡಿ. ಎಡಗೈ ಸ್ಟಿಯರಿಂಗಿನ ಕಾರು ಊರಿಗಂತೂ ಬರುವುದಿಲ್ಲ. ಬಾಡಿಗೆ ಒಪ್ಪಂದ, ಕರೆಂಟು, ನೀರು, ಟ್ರಾಫಿಕ್ ದಂಡ ಮುಗಿಸಿ. ಮೊದಲು ಹೆಂಡತಿ ಮಕ್ಕಳ ವೀಸಾ ರದ್ದಾಗುತ್ತದೆ, ಕೊನೆಗೆ ಸ್ವಂತದ್ದು. ಮಗಳಿಗೆ ಹನ್ನೆರಡನೆಯ ತರಗತಿ ಇದ್ದರೆ ಪರೀಕ್ಷೆ ಮುಗಿಯುವ ತನಕ ದಿನಾಂಕ ತಳ್ಳಲು ಕಂಪನಿಯನ್ನು ಕೇಳಿ, ಎಷ್ಟೋ ಕಂಪನಿಗಳು ಒಪ್ಪುತ್ತವೆ. ಚಿನ್ನದ ವಿಷಯ: ವರ್ಷಕ್ಕಿಂತ ಹೆಚ್ಚು ಹೊರಗಿದ್ದು ಮರಳುವ ಮಹಿಳೆಗೆ 40 ಗ್ರಾಂ, ಪುರುಷನಿಗೆ 20 ಗ್ರಾಂ ಆಭರಣ ಸುಂಕವಿಲ್ಲದೆ ತರಲು ಅವಕಾಶ. ಊರಿನಿಂದ ತಂದ ಹಳೆಯ ಒಡವೆಗಳಿಗೆ ಭಾರತದ ಕಸ್ಟಮ್ಸ್‌ನಿಂದ ಹೊರಡುವಾಗಲೇ ಪಡೆದ ರಫ್ತು ಪ್ರಮಾಣ ಪತ್ರ ಇದ್ದರೆ ವಾದ ಬೇಕಾಗುವುದಿಲ್ಲ.

ಭಾರತದ ಡ್ರೈವಿಂಗ್ ಲೈಸೆನ್ಸ್ ಅವಧಿ ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಪರೀಕ್ಷೆ ಕೊಡಬೇಕು. ಮಸ್ಕತ್ ಎಕ್ಸ್‌ಪ್ರೆಸ್‌ವೇಯಲ್ಲಿ 120ರಲ್ಲಿ ಓಡಿಸಿದ ಗರ್ವ ಶಿರಾಡಿ ಘಾಟಿಯಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಆಧಾರ್ ಇಲ್ಲದವರು ಭಾರತದ ಪಾಸ್‌ಪೋರ್ಟ್ ತೋರಿಸಿ, 182 ದಿನ ಕಾಯದೆ, ರಜೆಯಲ್ಲೇ ಮಾಡಿಸಬಹುದು.

ಒಮಾನಿನ ಸಿಮ್ ಕಾರ್ಡನ್ನು ಎಲ್ಲಕ್ಕಿಂತ ಕೊನೆಗೆ ರದ್ದು ಮಾಡಿ. ಬ್ಯಾಂಕಿನ ಓಟಿಪಿ ಬರುವುದು ಅದಕ್ಕೇ. ಗ್ರಾಚ್ಯುಟಿಯ ಕೊನೆಯ ಕಂತು ಖಾತೆಗೆ ಬಂದು, ಅದು ಊರಿಗೆ ತಲುಪಿ, ಖಾತೆ ಮುಚ್ಚಿದ ಮೇಲೆ ಸಿಮ್. 2020ರ ಕೋವಿಡ್ ಕಾಲದಲ್ಲಿ ವಂದೇ ಭಾರತ್ ವಿಮಾನ ಹತ್ತಿ ಎರಡು ಪೆಟ್ಟಿಗೆಯೊಂದಿಗೆ ಹೋದವರಲ್ಲಿ ಕೆಲವರ ಹಣ ಈ ಒಂದು ಕಾರಣಕ್ಕೆ ತಿಂಗಳುಗಟ್ಟಲೆ ಇಲ್ಲೇ ಸಿಕ್ಕಿಕೊಂಡಿತ್ತು.

ಕೊನೆಯದಾಗಿ ಹೆಂಗಸರಿಗೆ, ನಮ್ಮ ಸಂಘದ ಅಕ್ಕ ತಂಗಿಯರಿಗೆ. ಊರಿಗೆ ಹೋದ ನಾಲ್ಕನೆಯ ತಿಂಗಳು ಗಂಡ ತೀರಿಹೋದ ಒಬ್ಬರ ಮನೆಯಲ್ಲಿ ನಾನು ಎರಡು ದಿನ ಕೂತು ಕಾಗದ ಹುಡುಕಿದ್ದೇನೆ. ಫೋನಿನ ಲಾಕ್ ಗೊತ್ತಿಲ್ಲ, ಯಾವ ಬ್ಯಾಂಕಿನಲ್ಲಿ ಎಷ್ಟು ಠೇವಣಿ ಎಂದು ಗೊತ್ತಿಲ್ಲ, ಮಸ್ಕತಿನ ಖಾತೆ ಅವರೊಬ್ಬರದೇ ಹೆಸರಿನಲ್ಲಿ. ಇಲ್ಲಿನ ಖಾತೆಗೆ ವಾರಸು ಪತ್ರ, ಅಟೆಸ್ಟೇಷನ್, ಅರಬ್ಬಿ ಅನುವಾದ ಎಂದು ಓಡಾಟ ವರ್ಷ ದಾಟಿತು. ಊರಿನ ಠೇವಣಿಗಳೆಲ್ಲ "ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು" ಎಂಬ ಜಂಟಿ ಖಾತೆಯಲ್ಲಿರಲಿ. ನಾಮಿನಿ ಹಣ ಪಡೆಯುವವರೇ ಹೊರತು ಒಡೆಯರಾಗುವುದಿಲ್ಲ, ಆದ್ದರಿಂದ ಉಯಿಲೂ ಬೇಕು. ಉಯಿಲು ನೋಂದಾಯಿಸಬೇಕೆಂಬ ಕಡ್ಡಾಯ ಇಲ್ಲ, ಆದರೂ ರಜೆಯಲ್ಲಿ ಒಂದು ದಿನ ಉಪನೋಂದಣಾಧಿಕಾರಿ ಕಚೇರಿಗೆ ಹೋಗಿ ಮಾಡಿಸಿ. ಮನೆಯ ಪತ್ರದಲ್ಲಿ ನಿಮ್ಮ ಹೆಸರೂ ಇರಲಿ ಎಂದು ಕೇಳಲು ಸಂಕೋಚ ಬೇಡ. ನಾವು ಒಂದು ನೀಲಿ ಕಡತ ಮಾಡಿದ್ದೇವೆ. ಖಾತೆ, ಪಾಲಿಸಿ, ಪಾನ್, ಆಸ್ತಿ, ಯಾರಿಗೆ ಕೊಡಬೇಕಾದ್ದು, ಯಾರಿಂದ ಬರಬೇಕಾದ್ದು ಎಲ್ಲವೂ ಅದರಲ್ಲಿ ಕೈಬರಹದಲ್ಲಿದೆ. ಒಂದು ಪ್ರತಿ ಬೆಂಗಳೂರಿನ ಮಗಳ ಹತ್ತಿರ ಇದೆ. ಪ್ರತಿ ಯುಗಾದಿಗೆ ಅದನ್ನು ತೆಗೆದು ಇಬ್ಬರೂ ಕೂತು ತಿದ್ದುತ್ತೇವೆ.